ಮೂರು ಕೇರಿಯ ಹೂಹಾಸು

ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲದಲ್ಲಿ ತ್ರಿಕುಸುಮಪುರಿ ಎಂಬ ಒಂದು ರಾಜ್ಯವಿತ್ತು. ಆ ಊರಿನಲ್ಲಿ ಮೂರು ಕೇರಿಗಳು: ಮಲ್ಲಿಗೆ ಕೇರಿ, ಸೇವಂತಿಗೆ ಕೇರಿ, ಕನಕಾಂಬರ ಕೇರಿ. ಒಂದು ಕೇರಿಯ ಹೂವು ಇನ್ನೊಂದು ಕೇರಿಯ ಹೂವಿಗೆ ತಗುಲಿದರೆ ಎರಡೂ ಹೊತ್ತಿ ಉರಿಯುತ್ತಿದ್ದವು. ಇದು ದೇವರ ಕಟ್ಟಳೆ ಎಂದು ಜನ ನಂಬಿದ್ದರು. ದೇವರಿಗೆ ಬೇರೆ ಕೆಲಸವಿಲ್ಲವೇ ಎಂದು ಒಬ್ಬರೂ ಕೇಳಲಿಲ್ಲ.

ಕೇರಿಗೊಂದು ಹಾಡೂ ಇತ್ತು. ಮಲ್ಲಿಗೆ ಕೇರಿಯ ಹಾಡಿನಲ್ಲಿ ಬರೀ ರಾಗ, ಮಾತೇ ಇಲ್ಲ. ಸೇವಂತಿಗೆ ಕೇರಿಯದರಲ್ಲಿ ಬರೀ ಮಾತು, ರಾಗವಿಲ್ಲ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದರು. ಕನಕಾಂಬರ ಕೇರಿಯಲ್ಲಿ ಬರೀ ತಾಳ, ಚಪ್ಪಾಳೆಯ ಮೇಲೆ ಚಪ್ಪಾಳೆ. ನಮ್ಮದೇ ಹಾಡು, ಉಳಿದದ್ದು ಗದ್ದಲ ಎಂದು ಮೂರು ಕೇರಿಯವರೂ ಮೀಸೆ ತಿರುವುತ್ತಿದ್ದರು. ಜಗಳವಾದರೆ ಎಲ್ಲರೂ ಓಡುತ್ತಿದ್ದದ್ದು ಆಸ್ಥಾನದ ಮಂತ್ರವಾದಿ ಶುಷ್ಕಕಂಠನ ಬಳಿಗೆ. ಜಗಳ ಹೆಚ್ಚಿದಷ್ಟೂ ಅವನ ಹೊಟ್ಟೆ ದಪ್ಪಗಾಗುತ್ತಿತ್ತು.

ಆ ಊರಿಗೆ ಹನ್ನೆರಡು ವರ್ಷದ ಹಿಂದೆ ಕಡಲಾಚೆಯ ದ್ವೀಪದಿಂದ ಝುಮಾರಿ ಎಂಬ ಹೂಗಾತಿ ಬಂದಿದ್ದಳು. ಅವಳ ದ್ವೀಪವನ್ನು ಸಮುದ್ರ ನುಂಗಿತ್ತು. ಉಳಿದದ್ದು ಅವಳ ಕೈಚಳಕ ಮತ್ತು ತಲೆಯೊಳಗಿನ ಹಾಡುಗಳು, ಅಷ್ಟೇ. ಒಂದು ದಿನ ಈ ಕೇರಿ, ಒಂದು ದಿನ ಆ ಕೇರಿ ಎಂದು ಹಿತ್ತಲ ಬಾಗಿಲಲ್ಲಿ ಕೂತು ಮಾಲೆ ಕಟ್ಟಿಕೊಡುತ್ತಿದ್ದಳು. ಜನ ಹೂವಿನ ಬುಟ್ಟಿಯನ್ನು ನೆಲದ ಮೇಲಿಟ್ಟು ದೂರ ಸರಿಯುತ್ತಿದ್ದರು. ಕೈಗೆ ಕೈ ತಾಗಿಸಿ ಕೊಟ್ಟವರು ಒಬ್ಬರೂ ಇಲ್ಲ. ಹೂವಿನಿಂದ ನಾರೂ ಸ್ವರ್ಗ ಸೇರಿತು ಎನ್ನುತ್ತಾರಲ್ಲ, ಆ ಊರಿನಲ್ಲಿ ಹೂವು ಸ್ವರ್ಗಕ್ಕೆ, ನಾರೂ ಸ್ವರ್ಗಕ್ಕೆ, ಕಟ್ಟಿದವಳು ಮಾತ್ರ ಹೊಸ್ತಿಲಾಚೆ. "ಎಲ್ಲಿಯವಳು ನೀನು, ಯಾವಾಗ ವಾಪಸ್ಸು?" ಎಂದು ಹನ್ನೆರಡನೆಯ ವರ್ಷವೂ ಕೇಳುತ್ತಿದ್ದರು. ಝುಮಾರಿ ನಗುತ್ತಿದ್ದಳು. ಒಳಗೆ ಕುದಿಯುತ್ತಿದ್ದಳು.

ವಸಂತದ ಹಬ್ಬದಂದು ಅರಮನೆಯ ಅಂಗಳದಲ್ಲಿ ಹೂಹಾಸು ಹಾಸಲು ಅವಳನ್ನೇ ಕರೆಸಿದರು. ಕಟ್ಟಳೆಯಂತೆ ಮೂರು ಹೂವಿಗೆ ಮೂರು ಚೌಕ, ನಡುವೆ ಮಾರುದ್ದ ಬರೀ ನೆಲ. ಬೆನ್ನು ಬಿದ್ದುಹೋಗುವಷ್ಟು ದುಡಿದು ಅವಳು ಮುಗಿಸಿದಾಗ ಶುಷ್ಕಕಂಠ ಅವಳನ್ನು ಪರದೆಯ ಹಿಂದೆ ನಿಲ್ಲಿಸಿ, ಇದು ನಮ್ಮ ಮೂರು ಕೇರಿಯವರ ಕೈಕೆಲಸ ಎಂದು ರಾಜ ಧವಳಕೇತುವಿಗೆ ಹೇಳಿದ. ಝುಮಾರಿಯ ಕೋಪ ನೆತ್ತಿಗೇರಿತು. ಪರದೆ ಸರಿಸಿ ಹೊರಗೆ ಬಂದಳು.

"ಇದು ನನ್ನ ಕೆಲಸ, ಮಹಾಸ್ವಾಮಿ," ಎಂದಳು. "ಅದೂ ಅರ್ಧ ಕೆಲಸ. ನಮ್ಮ ದ್ವೀಪದಲ್ಲಿ ಊರಿನ ಪ್ರತಿ ಮನೆಯವರೂ ಒಂದು ಬೊಗಸೆ ಹೂವು ಕೈಯಾರೆ ಕೊಡ್ತಿದ್ರು. ಎಲ್ಲಾ ಬೆರೆಸಿ ಹಾಸಿದರೇ ಅದು ಹೂಹಾಸು. ಇದು ಮೂರು ಗೋರಿ ಇದ್ದ ಹಾಗಿದೆ."

ಸಭೆ ಬೆಚ್ಚಿಬಿತ್ತು. ಇವಳನ್ನು ಮರೆವಿನ ಬಾಗಿಲಿಂದ ಹೊರಗೆ ಹಾಕಿ ಎಂದು ಶುಷ್ಕಕಂಠ ಗುಡುಗಿದ. ಆ ಬಾಗಿಲು ದಾಟಿದವರು ತಮ್ಮ ಹಾಡು, ಹೆಸರು, ಊರು ಎಲ್ಲವನ್ನೂ ಮರೆಯುತ್ತಿದ್ದರು. ಒಮ್ಮೆ ಊರು ಕಳೆದುಕೊಂಡವಳು ಈಗ ನೆನಪನ್ನೂ ಕಳೆದುಕೊಳ್ಳಬೇಕಿತ್ತು. ರಾಜನ ಮನಸ್ಸು ಮೆತ್ತಗಿತ್ತು. ಒಂದು ಅವಕಾಶ ಕೊಡೋಣ ಎಂದ. ಮಂತ್ರವಾದಿ ಗಡ್ಡ ನೀವಿಕೊಂಡು ಒಪ್ಪಿದ. ಸೂರ್ಯ ಮುಳುಗುವುದರೊಳಗೆ ಮೂರು ಕೇರಿಯಿಂದ ಮೂರು ಬೊಗಸೆ ಹೂವನ್ನು ಅವರ ಕೈಯಿಂದಲೇ ಪಡೆದು ತಂದು ಬೆರೆಸಿ ಹಾಸಬೇಕು. ಉರಿದರೆ ಅವಳು ಹೊರಗೆ. ಸಾಲದೆಂದು ಮೂರು ಕೇರಿಯ ಬಾಗಿಲಲ್ಲೂ ಮಾಯಾಮೃಗ ನಿಲ್ಲಿಸಿದ. ಆ ಕೇರಿಯ ಹಾಡು ಬಾರದವರನ್ನು ಅವು ನುಂಗಿಬಿಡುತ್ತಿದ್ದವು.

ಪಾಪ, ಅವನಿಗೆ ಒಂದು ವಿಷಯ ಹೊಳೆಯಲಿಲ್ಲ. ಒಂದು ಕೇರಿಯವರು ಇನ್ನೊಂದು ಕೇರಿಗೆ ಕಾಲಿಡದ ಆ ರಾಜ್ಯದಲ್ಲಿ ಮೂರೂ ಹಾಡು ಬಲ್ಲವಳು ಒಬ್ಬಳೇ, ಹಿತ್ತಲಲ್ಲಿ ಕೂತು ಕೇಳಿಸಿಕೊಂಡಿದ್ದ ಹೊರಗಿನವಳು.

ಮಲ್ಲಿಗೆ ಕೇರಿಯ ಬಾಗಿಲಲ್ಲಿ ಸಿಂಹದಂಥ ಕಲ್ಲಿನ ಯಾಳಿ ಬಾಯಿ ತೆರೆಯಿತು. "ಯಾವ ಕೇರಿಯವಳು ನೀನು?"

"ಯಾವ ಕೇರಿಯವಳೂ ಅಲ್ಲ. ಹಾಡು ಕೇಳು," ಎಂದು ಝುಮಾರಿ ಮಾತಿಲ್ಲದ ರಾಗವನ್ನು ಎಳೆದಳು. ಯಾಳಿ ಬೆಕ್ಕಿನಂತೆ ಮುದುರಿ ಮಲಗಿತು. ಒಳಗೆ ಚೆನ್ನಾಜಮ್ಮ ಎಂಬ ಮುದುಕಿ ಅಭ್ಯಾಸಬಲದಿಂದ ಬುಟ್ಟಿಯನ್ನು ನೆಲಕ್ಕಿಡಲು ಹೋಗಿ ನಿಂತಳು. "ಇಷ್ಟು ವರ್ಷ ಯಾಕೆ ನೆಲಕ್ಕಿಡ್ತಿದ್ದೆ ಅಂತ ನಂಗೇ ಗೊತ್ತಿಲ್ಲ ಕಣೇ ತಾಯಿ," ಎಂದು ನಾಚಿ, ಬೊಗಸೆ ತುಂಬ ಮಲ್ಲಿಗೆ ಕೊಟ್ಟಳು.

ಸೇವಂತಿಗೆ ಕೇರಿಯ ಬಾಗಿಲಲ್ಲಿ ಏಳು ಹೆಡೆಯ ಹಾವು ಬುಸುಗುಟ್ಟಿತು. "ಯಾವ ಕೇರಿಯವಳು ನೀನು?"

"ಯಾವ ಕೇರಿಯವಳೂ ಅಲ್ಲ. ಹಾಡು ಕೇಳು," ಎಂದು ಅವಳು ಆ ಕೇರಿಯ ಮಾತುಗಳನ್ನು ಒಪ್ಪಿಸಿದಳು: ಬೇರು ಯಾವ ಮಣ್ಣಲಿರಲಿ, ಕಂಪಿಗೆಲ್ಲಿ ಬೇಲಿ. ಈ ಜನ ದಿನಾ ಇದನ್ನೇ ಒದರಿ ದಿನಾ ಬೇಲಿ ಕಟ್ಟುತ್ತಿದ್ದರಲ್ಲ, ಅವರಿಗೆ ಏನನ್ನಬೇಕು! ಹಾವು ಏಳೂ ಹೆಡೆ ತಗ್ಗಿಸಿತು. ಒಳಗೆ ಪಾಠ ಹೇಳುವ ಪುಟ್ಟಾಚಾರಿ ಪರೀಕ್ಷೆ ಮಾಡಲು ಹೋಗಿ ತಾನೇ ಒಂದು ಸಾಲು ಮರೆತ. ಝುಮಾರಿ ನೆನಪಿಸಿಕೊಟ್ಟಳು. ಅವನು ತಲೆ ಕೆರೆದುಕೊಂಡು ಬೊಗಸೆ ಸೇವಂತಿಗೆ ಕೊಟ್ಟ.

ಕನಕಾಂಬರ ಕೇರಿಯ ಬಾಗಿಲಲ್ಲಿ ಕೆಂಡಗಣ್ಣಿನ ಹುಲಿಯೂ ಅದನ್ನೇ ಕೇಳಿತು, ಅದೇ ಉತ್ತರ ಪಡೆಯಿತು, ಚಪ್ಪಾಳೆಯ ತಾಳಕ್ಕೆ ಬಾಲ ಆಡಿಸುತ್ತ ದಾರಿ ಬಿಟ್ಟಿತು. ಆದರೆ ಕೇರಿಯ ಯಜಮಾನ ಭರಮಪ್ಪ ಹುಲಿಗಿಂತ ಗಟ್ಟಿ. ಹಿಡಿ ಕನಕಾಂಬರವನ್ನು ಅವಳ ಕಾಲ ಬುಡಕ್ಕೆ ಎಸೆದ. "ತಗೊಂಡು ಹೋಗು," ಎಂದ.

ಹೊತ್ತು ಇಳಿಯುತ್ತಿತ್ತು. ಬಗ್ಗಿ ಎತ್ತಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು. ಎಸೆದದ್ದೋ ಕೊಟ್ಟದ್ದೋ ಎಂದು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಝುಮಾರಿ ಬಗ್ಗಲಿಲ್ಲ.

"ನಿಮ್ಮ ಮಗಳ ಮದುವೆಯಲ್ಲಿ ಸೂರ್ಯಾಸ್ತದವರೆಗೆ ಮಾಲೆ ಕಟ್ಟಿದ್ದು ಈ ಕೈ, ಯಜಮಾನರೇ," ಎಂದಳು. "ನೆಲಕ್ಕೆ ಬಿದ್ದ ಹೂವನ್ನ ನೀವು ದೇವರಿಗೆ ಇಡಲ್ಲ. ನನಗ್ಯಾಕೆ ಇಡ್ತೀರಿ? ಕೈಯಲ್ಲಿ ಕೊಡಿ. ಇಲ್ಲ ಅಂದ್ರೆ ನಾನು ಇಲ್ಲೇ ನಿಂತಿರ್ತೀನಿ, ಎಲ್ಲಾ ಮರೆತು ಹೋಗೋವರೆಗೆ."

ಕೇರಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಎಲ್ಲರೂ ಭರಮಪ್ಪನನ್ನೇ ನೋಡಿದರು. ಅವನ ಮುಖ ಸಣ್ಣದಾಯಿತು. ಒಳಗೆ ಹೋಗಿ ಹೊಸ ಹೂವು ತಂದು ಅವಳ ಬೊಗಸೆಗೆ ಹಾಕಿದ.

ಅಂಗಳದಲ್ಲಿ ಊರೇ ನೆರೆದಿತ್ತು. ಝುಮಾರಿ ಬೇರೆ ಬೇರೆ ಗಂಟು ಕಟ್ಟಿ ತಂದಿದ್ದ ಮೂರು ಹೂವನ್ನೂ ಬೆರೆಸಿ ಹಾಸತೊಡಗಿದಳು. ತಗುಲಿದಲ್ಲೆಲ್ಲ ಹೊಗೆ ಎದ್ದಿತು. ಅವಳು ರಾಗಕ್ಕೆ ಮಾತು ಕೂಡಿಸಿ ಹಾಡಿದಳು, ಕಾಲಲ್ಲಿ ತಾಳ ಹಾಕಿದಳು. ಆಗ ಅವಳಿಗೆ ಹೊಳೆಯಿತು: ಇವು ಮೂರು ಹಾಡಲ್ಲ, ಕತ್ತರಿಸಿದ ಒಂದೇ ಹಾಡು! ಆದರೂ ಹೊಗೆ ನಿಲ್ಲಲಿಲ್ಲ. ಶುಷ್ಕಕಂಠ ಮರೆವಿನ ಬಾಗಿಲ ಅಗುಳಿ ತೆಗೆದ.

ಝುಮಾರಿಗೆ ತನ್ನ ತಪ್ಪು ತಿಳಿಯಿತು. ಹನ್ನೆರಡು ವರ್ಷ ಎಲ್ಲವನ್ನೂ ಒಬ್ಬಳೇ ಮಾಡಿ ಅವಳು ತನ್ನ ದ್ವೀಪದ ಪದ್ಧತಿಯನ್ನೇ ಮರೆತಿದ್ದಳು. ಹೂಹಾಸಿನ ಹಾಡನ್ನು ಹಾಸುವವಳು ಹಾಡುವುದಲ್ಲ, ಹೂ ಕೊಟ್ಟವರು ಹಾಡುವುದು. ಸುಟ್ಟ ಬೆರಳನ್ನು ಎತ್ತಿ ಜನರತ್ತ ತಿರುಗಿದಳು.

"ನಿಮ್ಮ ಹೂವು ಉರೀತಿದೆ, ನೀವು ನೋಡ್ತಾ ನಿಂತಿದ್ದೀರಲ್ಲ. ಹಾಡು ನಿಮ್ಮದು. ನಿಮ್ಮ ಜಗಳದಲ್ಲೇ ಹೊಟ್ಟೆ ಬೆಳೆಸಿದ ಈ ಮಂತ್ರವಾದಿ ಅದನ್ನ ಮೂರು ತುಂಡು ಮಾಡಿ ನಿಮ್ಮ ಕೈಗೇ ಕೊಟ್ಟ, ನೀವು ತುಂಡು ಹಿಡ್ಕೊಂಡು ಮೆರೆದಿರಿ. ಹಾಡಿ."

ಮೊದಲು ಚೆನ್ನಾಜಮ್ಮನ ನಡುಗುವ ಗಂಟಲಿಂದ ರಾಗ ಎದ್ದಿತು. ಪುಟ್ಟಾಚಾರಿ ಅದಕ್ಕೆ ಮಾತು ಕೂಡಿಸಿದ. ಎಲ್ಲರೂ ಭರಮಪ್ಪನತ್ತ ತಿರುಗಿದರು. ಅವನು ನೆಲ ನೋಡುತ್ತ ಒಂದು ಚಪ್ಪಾಳೆ ತಟ್ಟಿದ, ಆಮೇಲೆ ಇನ್ನೊಂದು. ಮೂರು ಕೇರಿಯೂ ಹಾಡಿತು. ಹೊಗೆ ನಿಂತಿತು. ಹೂವುಗಳು ಒಂದರ ಮೈಗೆ ಒಂದು ಒರಗಿ ಅಂಗಳದ ತುಂಬ ತಾವಾಗಿಯೇ ಹರಡಿಕೊಂಡವು.

ಶುಷ್ಕಕಂಠ ಮಂತ್ರ ಹೇಳಲು ಬಾಯಿ ತೆರೆದ. ಒಣಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕರಗಿ, ಕೊನೆಗೆ ಬರೀ ಕೆಮ್ಮಾಗಿ ಮರೆವಿನ ಬಾಗಿಲಿಂದ ಹಾರಿಹೋದ. ಹಾಡುವವರು ಈಗಲೂ ಶುರು ಮಾಡುವ ಮುಂಚೆ ಒಮ್ಮೆ ಕೆಮ್ಮುವುದು ಅವನನ್ನು ಹೊರಗೆ ಹಾಕಲಿಕ್ಕೇ.

ರಾಜ ಧವಳಕೇತು ಸಿಂಹಾಸನದಿಂದ ಇಳಿದು ಬಂದು ದೊಡ್ಡ ಮನಸ್ಸು ಮಾಡಿದವನಂತೆ ಕೈ ಎತ್ತಿದ. "ಝುಮಾರಿ, ಇಂದಿನಿಂದ ನೀನು ನಮ್ಮವಳು," ಎಂದ.

ಜನ ಹರ್ಷದಿಂದ ಕೂಗಿದರು. ಝುಮಾರಿ ಕೈ ಮುಗಿಯಲಿಲ್ಲ.

"ಇಂದಿನಿಂದ ಅಲ್ಲ, ಮಹಾಸ್ವಾಮಿ," ಎಂದಳು. "ಹನ್ನೆರಡು ವರ್ಷದಿಂದ."

ರಾಜ ಎತ್ತಿದ ಕೈ ಇಳಿಸಿ, ಡಂಗುರದವನನ್ನು ಕರೆದು ಅವಳು ಹೇಳಿದಂತೆಯೇ ಸಾರಲು ಹೇಳಿದ. ಡಂಗುರದವನು ಮೂರು ಕೇರಿಯಲ್ಲೂ ಹಾಗೆಯೇ ಸಾರಿದ. ಅಂದಿನಿಂದ ಆ ಊರಿನವರು ಬೆರೆತ ಹೂವು ಮುಡಿದು, ಇಡೀ ಹಾಡು ಹಾಡಿಕೊಂಡು, ಝುಮಾರಿಯ ಜೊತೆ ಸುಖವಾಗಿ ಬಾಳಿದರು.