ಮುದುಕನ ಮೇಕೆ, ಗುಬ್ಬಿಯ ಮಾವ

ಚೂಟಿ ಚಕ್ರವರ್ತಿಯಾದಳು. ಆದರೂ ಮುದುಕನ ಮೇಕೆ ಸಿಗಲಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಅವಳ ವೀರ ಕಿರೀಟ ಇಟ್ಟುಕೊಂಡು ನಿಂತಿದ್ದ. ಅವನಿಗೆ ದಪ್ಪ ಮೀಸೆ. ಆಟದ ಶುರುವಿನಲ್ಲಿ ಆ ಮೀಸೆ ತೆಗೆಯಲು ಚೂಟಿ ಎಷ್ಟು ಒದ್ದಾಡಿದರೂ ಅದು ಹೋಗಿರಲಿಲ್ಲ. ಎದುರಿಗೆ ಕೋಟೆ ಬಾಗಿಲ ಮುದುಕ. ಮೊದಲ ದಿನ ಹೇಳಿದ್ದನ್ನೇ ಈಗಲೂ ಹೇಳಿದ.

“ವೀರನೇ, ನನ್ನ ಮೇಕೆ ಕಳೆದುಹೋಗಿದೆ.”

ಕೆಳಗೆ ಎರಡೇ ಬಟನ್. ಒಂದರಲ್ಲಿ ‘ಆಗಲಿ, ಹುಡುಕುತ್ತೇನೆ’ ಎಂದಿತ್ತು. ಇನ್ನೊಂದರಲ್ಲಿ ‘ಕತ್ತಿ ಎಳೆ’.

“ಅಕ್ಕಾ, ಮಾವ ಸಿಕ್ಕಿದ್ರಾ?” ಬಾಗಿಲಲ್ಲಿ ತಮ್ಮ ಗುಬ್ಬಿ ನಿಂತಿದ್ದ.

“ಆಯ್ತು, ಹುಡುಕ್ತೀನಿ,” ಎಂದಳು ಚೂಟಿ, ಪರದೆಯಿಂದ ಕಣ್ಣು ಕೀಳದೆ. ಗುಬ್ಬಿ ತಲೆಯಾಡಿಸಿ ಹೊರಟುಹೋದ.

ಗುಬ್ಬಿಯ ಮಾವ ಎಂದರೆ ಒಂದು ಸ್ಟೀಲ್ ಚಮಚ. ನಿಜವಾದ ಸೋದರಮಾವನ ಹಾಗೆ ಅದಕ್ಕೂ ಡೊಳ್ಳುಹೊಟ್ಟೆ, ಬಾಗಿದ ಸೊಂಟ. ಅದಕ್ಕೇ ಆ ಹೆಸರು. ಹಿರಿಯರು ಎಂದಮೇಲೆ ಗುಬ್ಬಿ ಏಕವಚನದಲ್ಲಿ ಮಾತಾಡುವವನಲ್ಲ. ಮಾವ ಬರದೆ ಅವನು ಊಟಕ್ಕೆ ಕೂರುತ್ತಿರಲಿಲ್ಲ. ಈಗ ಕೆಲವು ದಿನಗಳಿಂದ ಮಾವ ನಾಪತ್ತೆ. ಗುಬ್ಬಿ ಯಾವುದೋ ಪರಿಚಯವಿಲ್ಲದ ಚಮಚ ಹಿಡಿದು ಅರೆಹೊಟ್ಟೆ ಉಣ್ಣುತ್ತಿದ್ದ.

ಇತ್ತ ಚೂಟಿಗೆ ಅವಳದೇ ಚಿಂತೆ. ಹುಟ್ಟುಹಬ್ಬಕ್ಕೆ ಬೇರೇನೂ ಬೇಡ ಎಂದು ಹಟ ಹಿಡಿದು ತರಿಸಿಕೊಂಡ ಆಟ ಅದು. ‘ನೀನಾಡುವ ಒಂದೊಂದು ಮಾತೂ ರಾಜ್ಯದ ಹಣೆಬರಹ ಬದಲಿಸುತ್ತದೆ’ ಎಂದು ಡಬ್ಬದ ಮೇಲೆ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಚೂಟಿ ಅದನ್ನು ಬಾಯಿಪಾಠ ಮಾಡಿ ಇಡೀ ಕ್ಲಾಸಿಗೆ ಡಂಗುರ ಸಾರಿದ್ದಳು. ಮನೆಯಲ್ಲಂತೂ ಅವಳ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ, ಒಂದು ರಾಜ್ಯದಲ್ಲಾದರೂ ಇರಲಿ ಎಂಬುದು ಅವಳ ಆಸೆ.

ಆದರೆ ಆ ರಾಜ್ಯದಲ್ಲಿ ಮಾತು ಯಾರಿಗೂ ಬೇಕಿರಲಿಲ್ಲ. ಕಂಡವರನ್ನೆಲ್ಲ ಕೊಚ್ಚುವುದೇ ಕೆಲಸ. ಇಲಿಯನ್ನು ಕೊಚ್ಚಿದರೆ ಅದರ ಹೊಟ್ಟೆಯಿಂದ ಒಂದು ಜೊತೆ ಕಬ್ಬಿಣದ ಬೂಟು ಬೀಳುತ್ತಿತ್ತು. ಬಾವಲಿಯನ್ನು ಕೊಚ್ಚಿದರೆ ಬಾವಲಿಗಿಂತ ದೊಡ್ಡ ಗುರಾಣಿ. ಒಮ್ಮೆ ಒಬ್ಬ ರಾಕ್ಷಸಿ ಕಣ್ಣಲ್ಲಿ ನೀರು ತಂದುಕೊಂಡು, “ನಾನೂ ಒಂದು ಕಾಲದಲ್ಲಿ...” ಎಂದು ಬಾಯಿ ತೆರೆದಳು. ಅಷ್ಟರಲ್ಲಿ ವೀರನ ಕೈ ತಾನಾಗಿಯೇ ಎದ್ದು ಅವಳ ತಲೆ ಹಾರಿಸಿಬಿಟ್ಟಿತು. ಚೂಟಿ ಯಾವ ಬಟನ್ನೂ ಒತ್ತಿರಲಿಲ್ಲ. ರಾಕ್ಷಸಿಯ ದುಃಖ ಏನಿತ್ತೋ, ಪಾಪ, ಅವಳ ಜೊತೆಗೇ ಹೋಯಿತು.

ಕೊಚ್ಚದೆ ಮಾತಾಡಲು ಸಿಕ್ಕವನು ಮುದುಕ ಒಬ್ಬನೇ. ಹುಡುಕುತ್ತೇನೆಂದು ಚೂಟಿ ಅವನಿಗೆ ಮಾತು ಕೊಟ್ಟಿದ್ದಳು. ಗುಹೆಗಳಲ್ಲಿ ಹುಡುಕಿದಳು, ಬಾವಿಗಳಲ್ಲಿ ಇಣುಕಿದಳು, ಬೆಂಕಿ ಉಗುಳುವ ಸರ್ಪದ ಬೆನ್ನ ಹಿಂದೆಯೂ ನೋಡಿದಳು. ಚಕ್ರವರ್ತಿಯಾದರೆ ರಾಜ್ಯದ ಮೇಕೆಗಳೆಲ್ಲ ತನ್ನವೇ ಅಲ್ಲವೇ, ಅದರಲ್ಲೊಂದು ಕೊಟ್ಟರಾಯಿತು ಎಂದುಕೊಂಡಳು. ಚಕ್ರವರ್ತಿಯಾದ ಮೇಲೆ ನೋಡಿದರೆ ರಾಜ್ಯದಲ್ಲಿ ಮೇಕೆ ಹಾಗಿರಲಿ, ಒಂದು ಹಿಕ್ಕೆಯೂ ಇಲ್ಲ.

ಸಂಜೆ ಅಮ್ಮ ಕೆಲಸದಿಂದ ಬಂದಳು. ಅಮ್ಮನಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನನ್ನು ಜೋಪಾನವಾಗಿಟ್ಟು ವಾಪಸ್ ಕೊಡುವ ಕೌಂಟರ್ ಅವಳದು. ಅಲ್ಲಿನ ಕಪಾಟಿನಲ್ಲಿ ಕೊಡೆಗಳು, ಟಿಫಿನ್ ಡಬ್ಬಿಗಳು, ಒಂಟಿ ಚಪ್ಪಲಿಗಳು. ಯಾರೇ ಬರಲಿ, ಅಮ್ಮ ಮೂರು ಪ್ರಶ್ನೆ ಕೇಳುತ್ತಾಳೆ. ಏನು ಕಳೆದಿದೆ? ಕೊನೆಗೆ ನೋಡಿದ್ದು ಎಲ್ಲಿ? ನಿಮ್ಮದೇ ಅಂತ ಗುರುತೇನು? ಒಮ್ಮೆ ಹಲ್ಲಿನ ಸೆಟ್ ಮರೆತವರೊಬ್ಬರು ಬಂದಿದ್ದರು. ಮೂರನೇ ಪ್ರಶ್ನೆಯನ್ನು ಅಮ್ಮ ಅವರಿಗೂ ಬಿಡಲಿಲ್ಲ. ಅವರು ಸೆಟ್ಟನ್ನು ಅಲ್ಲೇ ಹಾಕಿಕೊಂಡು ನಕ್ಕು ತೋರಿಸಿದರು.

ಬ್ಯಾಗು ಹೆಗಲಿನಿಂದ ಇಳಿಸುವ ಮೊದಲೇ ಅಮ್ಮನ ಕಣ್ಣು ಮುದುಕನ ಮೇಲೆ ಬಿತ್ತು. ಏನೋ ಕಳೆದುಕೊಂಡವರನ್ನು ಕಂಡರೆ ಅವಳಿಗೆ ಸುಮ್ಮನಿರಲಾಗುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ಯಾವ ಬಣ್ಣದ ಮೇಕೆ ಅಂತ ಕೇಳು.”

“ಕೇಳೋಕೆ ಬಟನ್ ಇಲ್ಲಮ್ಮ.”

“ಕೊನೆಗೆ ಎಲ್ಲಿ ನೋಡಿದ್ರಂತೆ?”

“ಅದಕ್ಕೂ ಇಲ್ಲ.”

ಅಮ್ಮ ಕನ್ನಡಕ ಏರಿಸಿ ಎರಡೂ ಬಟನ್ ಓದಿದಳು. ವೀರನ ಮೀಸೆಯನ್ನೂ ಒಮ್ಮೆ ನೋಡಿದಳು. “ಬಣ್ಣ ಕೂಡ ಕೇಳದೆ ಹುಡುಕ್ತೀನಿ ಅನ್ನೋನು ಹುಡುಕೋದಿಲ್ಲ ಬಿಡು,” ಎಂದು ಹೇಳಿ ಕೈಕಾಲು ತೊಳೆಯಲು ಹೋದಳು.

ಚೂಟಿಗೆ ಅಳು ಬಂತು. ಈ ಆಟ ಮಾಡಿದವರು ಮೇಕೆಯನ್ನೇ ಮಾಡಿಲ್ಲ ಎಂಬುದು ಈಗ ಅವಳಿಗೆ ಖಾತ್ರಿಯಾಯಿತು. ಮುದುಕನ ಬಾಯಿಗೆ ಒಂದು ವಾಕ್ಯ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ ಹೋಗಿದ್ದರು, ಅಷ್ಟೆ. ಅವನು ಪಾಪ ನಿಂತೇ ಇದ್ದ. ಇವಳು ಬಂದಾಗಲೆಲ್ಲ ಅದೇ ಬಟನ್ ಒತ್ತಿ ಹೋಗಿದ್ದಳು. ಶುದ್ಧ ಮೋಸ ಎಂದು ಅವಳಿಗೆ ಸಿಟ್ಟು ಬಂತು.

“ಅಕ್ಕಾ, ಮಾವ ಸಿಕ್ಕಿದ್ರಾ?”

“ಆಯ್ತು, ಹುಡು...”

ಮಾತು ಅರ್ಧಕ್ಕೇ ನಿಂತಿತು. ಚೂಟಿ ತಿರುಗಿ ನೋಡಿದಳು. ಗುಬ್ಬಿ ಬಾಗಿಲಲ್ಲಿ ನಿಂತಿದ್ದ. ನಿನ್ನೆಯೂ ಅಲ್ಲೇ ನಿಂತಿದ್ದ. ಮೊನ್ನೆಯೂ ಇರಬೇಕು, ಅವಳು ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅವಳು ಕುರ್ಚಿಯಿಂದ ಎದ್ದು ಅವನ ಎದುರಿಗೆ ನೆಲದ ಮೇಲೆ ಕೂತಳು.

“ಏನು ಕಳೆದಿದೆ?”

ಗುಬ್ಬಿ ತಕ್ಷಣ ನೆಟ್ಟಗೆ ನಿಂತುಕೊಂಡ. “ಮಾವ.”

“ಕೊನೆಗೆ ನೋಡಿದ್ದು ಎಲ್ಲಿ?”

“ನಿನ್ನ ಕೈಯಲ್ಲಿ.”

ಚೂಟಿ ಬೆಪ್ಪಾದಳು. ಆಮೇಲೆ ಒಂದೊಂದೇ ನೆನಪಾಯಿತು. ಹುಟ್ಟುಹಬ್ಬದ ದಿನ ಆಟದ ಡಬ್ಬಕ್ಕೆ ಸುತ್ತಿದ್ದ ಟೇಪು ಬಿಡದೆ ಸತಾಯಿಸಿತ್ತು. ಊಟಕ್ಕೆ ಕೂತಿದ್ದ ಗುಬ್ಬಿಯ ಕೈಯಿಂದ ಚಮಚ ಕಿತ್ತುಕೊಂಡು ಅದರ ಹಿಡಿಯಿಂದ ಮೀಟಿದ್ದಳು. ಒಂದು ನಿಮಿಷ ಕೊಡು ಅಂದಿದ್ದಳು. ಆ ನಿಮಿಷ ಇನ್ನೂ ಮುಗಿದಿರಲಿಲ್ಲ.

ಮಂಚದ ಕೆಳಗಿನಿಂದ ಡಬ್ಬ ಎಳೆದು ಬೋರಲು ಹಾಕಿದಳು. ಠಣ್ ಎಂದು ಮಾವ ಬಿದ್ದರು. ಹೊಟ್ಟೆ ಸ್ವಲ್ಪವೂ ಕರಗಿರಲಿಲ್ಲ.

ಗುಬ್ಬಿ ಕೈ ಚಾಚಿದ. ಚೂಟಿ ಚಮಚವನ್ನು ಬೆನ್ನ ಹಿಂದೆ ಹಿಡಿದಳು. ಅಮ್ಮನ ಮಗಳಾಗಿ ಮೂರನೆಯದನ್ನು ಬಿಡುವಂತಿಲ್ಲ.

“ನಿನ್ನದೇ ಅಂತ ಗುರುತೇನು?”

ಹೊಟ್ಟೆ ಎನ್ನಬಹುದಿತ್ತು, ಸೊಂಟ ಎನ್ನಬಹುದಿತ್ತು. ಗುಬ್ಬಿ ತುಂಬ ಹೊತ್ತು ಯೋಚಿಸಿದ.

“ಅವರಿಗೆ ನನ್ನ ಗುರುತಿದೆ,” ಎಂದ.

ಚೂಟಿ ಚಮಚ ಕೊಟ್ಟಳು. ಗುಬ್ಬಿ ಮಾವನ ಮುಖವನ್ನು ಅಂಗಿಯಿಂದ ಒರೆಸಿ, ಎಲ್ಲಿ ಹೋಗಿದ್ರಿ ಎಂದು ಮೆಲ್ಲಗೆ ವಿಚಾರಿಸಿಕೊಂಡ. ಆಮೇಲೆ ಕಂಪ್ಯೂಟರ್ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು ಮುದುಕನನ್ನು ನೋಡಿದ.

“ತಾತ, ನಿಮ್ಮ ಮೇಕೆ ಯಾವ ಬಣ್ಣ?”

“ವೀರನೇ, ನನ್ನ ಮೇಕೆ ಕಳೆದುಹೋಗಿದೆ.”

“ಅದು ಗೊತ್ತು. ಬಣ್ಣ ಹೇಳಿ,” ಎಂದ ಗುಬ್ಬಿ. ಹೇಳಿ ಕಾದ.

ಉತ್ತರ ಬರುವುದಿಲ್ಲ ಎಂದು ಹೇಳಲು ಚೂಟಿಗೆ ಮನಸ್ಸಾಗಲಿಲ್ಲ. ಕುರ್ಚಿಯಲ್ಲಿ ಕೂತು, ಪಕ್ಕಕ್ಕೆ ಸರಿದು ತಮ್ಮನಿಗೆ ಜಾಗ ಮಾಡಿಕೊಟ್ಟಳು. ಅಕ್ಕ, ತಮ್ಮ, ಮಾವ, ಮೂವರೂ ಆ ಮೇಕೆಯ ಬಣ್ಣಕ್ಕಾಗಿ ಸ್ವಲ್ಪ ಹೊತ್ತು ಕಾದರು.