ಅಳುವ ಬೂಟು

"ಆಮೇಲೆ ಏನಾಯ್ತು ಅಕ್ಕ? ಬೇಗ ಹೇಳು, ಬೆಲ್ ಹೊಡೆದುಬಿಡುತ್ತೆ!"

ಬೊಚ್ಚಿ ಮೆಟ್ಟಿಲ ಮೇಲೆ ಕೂತಲ್ಲೇ ಕುಣಿಯುತ್ತಿದ್ದಳು. ಒಂದನೇ ಕ್ಲಾಸಿನ ಪುಟ್ಟಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಅದಕ್ಕೇ ಆ ಹೆಸರು. ಅವಳ ಪಕ್ಕ ಪುಸ್ತಕ ಹಿಡಿದು ಕೂತಿದ್ದವಳು ಐದನೇ ಕ್ಲಾಸಿನ ಗುಸುಕಿ.

ಗುಸುಕಿ ಪುಟ ತಿರುಗಿಸಿದಳು. ಕಣ್ಣನ್ನು ಎಡದಿಂದ ಬಲಕ್ಕೆ ಓಡಿಸಿದಳು. ತುಟಿಯನ್ನು ಒಂದಿಷ್ಟು ಅಲ್ಲಾಡಿಸಿದಳು. ಆಮೇಲೆ ಹೇಳಿದಳು, "ಬಾತುಕೋಳಿ ಕೇಳ್ತು, ಯಾಕೆ ಅಳ್ತಿದ್ದೀಯಾ ಬೂಟಣ್ಣಾ ಅಂತ. ಬೂಟು ಹೇಳ್ತು, ನಾವು ಇಬ್ಬರಿದ್ವಿ. ಈಗ ನಾನೊಬ್ಬನೇ. ಒಂಟಿ ಬೂಟನ್ನ ಯಾರು ತಾನೇ ಹಾಕ್ಕೋತಾರೆ?"

"ಅಯ್ಯೋ ಪಾಪ!" ಎಂದಳು ಬೊಚ್ಚಿ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಆ ಪುಟದಲ್ಲಿ ಏನು ಬರೆದಿತ್ತೋ ಗುಸುಕಿಗೆ ಗೊತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕೆಂಪು ಬೂಟು, ಬಾತುಕೋಳಿ, ನೀರಿನ ಚಿತ್ರ ಕಾಣುತ್ತಿತ್ತು. ಉಳಿದಿದ್ದೆಲ್ಲ ಅವಳ ತಲೆಯೊಳಗಿನಿಂದಲೇ ಬಂದದ್ದು.

ಈ ಶಾಲೆಗೆ ಅವಳು ಸೇರಿ ನಾಲ್ಕು ತಿಂಗಳಾಗಿತ್ತು. ಹಳೆಯ ಶಾಲೆಯಲ್ಲಿ ಎಲ್ಲ ಪಾಠವೂ ನಮ್ಮ ಭಾಷೆಯಲ್ಲೇ. ಅಲ್ಲಿ ಓದುವುದರಲ್ಲಿ ಅವಳೇ ಮೊದಲು, ಮಾತಿನಲ್ಲೂ ಅವಳೇ ಮೊದಲು. ಅವಳ ಬಾಯಿ ಮುಚ್ಚಿಸುವಷ್ಟರಲ್ಲಿ ಟೀಚರಿಗೆ ಸಾಕುಬೇಕಾಗಿ ಹೋಗುತ್ತಿತ್ತು. ಅಮ್ಮನಿಗೆ ಶರ್ಟ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಮನೆ ಬದಲಾಯಿತು, ಶಾಲೆಯೂ ಬದಲಾಯಿತು. ಇಲ್ಲಿ ಗಣಿತವೂ ಇಂಗ್ಲಿಷು, ವಿಜ್ಞಾನವೂ ಇಂಗ್ಲಿಷು. ಮೊದಲ ದಿನ ಬಾಯಿಗೆ ಬಿದ್ದ ಬೀಗ ಆಮೇಲೆ ತೆರೆಯಲೇ ಇಲ್ಲ. ಕ್ಲಾಸಿನವರು ಗುಮ್ಮನಗುಸುಕಿ ಎಂದರು. ಕೆಲವು ದಿನ ಕಳೆದ ಮೇಲೆ ಗುಮ್ಮ ಬಿಟ್ಟುಹೋಗಿ ಗುಸುಕಿ ಉಳಿಯಿತು.

ಕ್ಲಾಸಿನಲ್ಲಿ ನಲವತ್ತೆಂಟು ಮಕ್ಕಳು. ಎಲ್ಲರೂ ಒಟ್ಟಿಗೆ ಓದುವಾಗ ಇವಳು ಬರೀ ತುಟಿ ಆಡಿಸುತ್ತಿದ್ದಳು. ಒಬ್ಬೊಬ್ಬರಾಗಿ ಓದುವ ದಿನ ಅವಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಬಾಯಾರಿಕೆ ಆಗುತ್ತಿತ್ತು. ಯಾರೊಂದಿಗಾದರೂ ಸ್ನೇಹ ಮಾಡಿದರೆ ಗುಟ್ಟು ರಟ್ಟಾಗುತ್ತದೆ ಎಂಬ ಭಯ. ಅದಕ್ಕೇ ಊಟದ ಬಿಡುವಿನಲ್ಲಿ ನಲ್ಲಿಯ ಹಿಂದಿನ ಗೋಡೆಗೆ ಒರಗಿ ಒಬ್ಬಳೇ ಡಬ್ಬಿ ಖಾಲಿ ಮಾಡುತ್ತಿದ್ದಳು. ಊಟ ಐದೇ ನಿಮಿಷಕ್ಕೆ ಮುಗಿಯುತ್ತಿತ್ತು. ಉಳಿದ ಅರ್ಧ ಗಂಟೆ ಮಾತ್ರ ಮುಗಿಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಇಂಗ್ಲಿಷ್ ಮಿಸ್ 'ಜೋಡಿ ಓದು' ಶುರು ಮಾಡಿದರು. ಐದನೇ ಕ್ಲಾಸಿನ ಪ್ರತಿಯೊಬ್ಬರಿಗೂ ಒಂದನೇ ಕ್ಲಾಸಿನ ಒಂದು ಮಗು. ಮಂಗಳವಾರ, ಶುಕ್ರವಾರ ಅರ್ಧರ್ಧ ಗಂಟೆ. ಮೊದಲು ಇಂಗ್ಲಿಷಲ್ಲಿ ಓದಬೇಕು, ಆಮೇಲೆ ಅರ್ಥ ಹೇಳಬೇಕು. ಗುಸುಕಿ ಹೆದರಿ ಅರ್ಧ ಜೀವವಾದಳು. ಆದರೆ ಬೊಚ್ಚಿ ಬಂದು, ಕೈ ಹಿಡಿದು, "ನೀನು ನನ್ನ ಅಕ್ಕ ಅಂತೆ!" ಎಂದಾಗ ಅವಳ ಬಾಯಿಯ ಬೀಗ ತಾನಾಗಿಯೇ ಕಳಚಿತು.

"ನಾನು ಮನಸ್ಸಲ್ಲೇ ಓದ್ಕೋತೀನಿ. ನಿಂಗೆ ಕತೆ ಮಾತ್ರ ಹೇಳ್ತೀನಿ, ಆಯ್ತಾ?" ಎಂದಿದ್ದಳು.

ಅಂದಿನಿಂದ ವಾರದಲ್ಲಿ ಎರಡು ಅರ್ಧ ಗಂಟೆ ಅವಳು ಹಳೆಯ ಶಾಲೆಯ ಹುಡುಗಿಯಾಗುತ್ತಿದ್ದಳು. ಉಳಿದ ದಿನಗಳಲ್ಲಿ ಅದನ್ನೇ ಕಾಯುತ್ತಿದ್ದಳು.

ಆ ಮಂಗಳವಾರ ಬೊಚ್ಚಿ ಪುಸ್ತಕವನ್ನು ಮನೆಗೆ ಒಯ್ದಳು. ಶುಕ್ರವಾರ ಬಂದವಳ ಮುಖ ಊದಿಕೊಂಡಿತ್ತು.

"ನಮ್ಮಪ್ಪಂಗೆ ಓದೋಕೇ ಬರಲ್ಲ ಅಕ್ಕ!"

"ಯಾಕೆ?"

"ಎಲ್ಲಾ ತಪ್ಪು ತಪ್ಪು ಓದ್ತಾರೆ. ಬೂಟು ಅಳೋದೇ ಬರಲಿಲ್ಲ! ನಾನು ಜಗಳ ಆಡಿದೆ. ನಮ್ಮಕ್ಕ ಐದನೇ ಕ್ಲಾಸು, ನಿಮಗಿಂತ ಚೆನ್ನಾಗಿ ಗೊತ್ತು ಅಂದೆ."

ಗುಸುಕಿ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ನಾಳೆ ನೋಡು," ಎಂದು ಬೊಚ್ಚಿ ಸೊಂಟದ ಮೇಲೆ ಕೈಯಿಟ್ಟಳು. "ನಾಳೆ ಪ್ರೇಯರಲ್ಲಿ ಈ ಪುಸ್ತಕ ನಾನೇ ಹೇಳೋದು. ಮಿಸ್ ನನ್ನ ಹೆಸರೇ ಕೊಟ್ಟಿದ್ದಾರೆ. ಬೂಟು ಅಳೋದನ್ನ ಮೈಕಲ್ಲಿ ಹೇಳ್ತೀನಿ. ಅಪ್ಪ ಅಮ್ಮಂದಿರನ್ನೂ ಕರೆದಿದ್ದಾರೆ, ನಮ್ಮಪ್ಪಾನೂ ಬರ್ತಾರೆ. ಆಗ ಗೊತ್ತಾಗುತ್ತೆ ಅವರಿಗೆ!"

ಗುಸುಕಿಗೆ ನಾಳೆಯ ದೃಶ್ಯ ಕಣ್ಣಿಗೆ ಕಟ್ಟಿತು. ಮೈಕಿನ ಮುಂದೆ ಬೊಚ್ಚಿ. ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಹೇಳುತ್ತಿದ್ದಾಳೆ. ಇಡೀ ಶಾಲೆ ನಗುತ್ತಿದೆ. ಆ ಬೊಚ್ಚು ಬಾಯಿ ಏನೂ ಅರ್ಥವಾಗದೆ ತೆರೆದುಕೊಂಡೇ ಇದೆ.

ಸುಮ್ಮನಿದ್ದರೆ ತನ್ನ ಗುಟ್ಟು ಉಳಿಯುತ್ತದೆ. ಹೇಳಿದರೆ ಬೊಚ್ಚಿ ತನ್ನ ಪಾಲಿಗೆ ಉಳಿಯುವುದಿಲ್ಲ.

"ಬೊಚ್ಚಿ," ಎಂದಳು. "ನಿಮ್ಮಪ್ಪ ಓದಿದ್ದೇ ಸರಿ. ನಂಗೆ ಇಂಗ್ಲಿಷ್ ಓದೋಕೆ ಬರಲ್ಲ. ಅದು ನಾನೇ ಕಟ್ಟಿದ ಕತೆ."

ನಾಲ್ಕು ತಿಂಗಳಲ್ಲಿ ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಮ್ಮನಿಗೂ ಹೇಳಿರಲಿಲ್ಲ. ಬಟ್ಟೆಯ ತುಂಬ ನೂಲಿನ ಚೂರು ಅಂಟಿಸಿಕೊಂಡು ಬರುವ ಅಮ್ಮ ಪಕ್ಕದ ಮನೆಯವರ ಹತ್ತಿರ, "ನಮ್ಮ ಮಗಳು ಈಗ ಇಂಗ್ಲಿಷ್ ಪಟಪಟ ಓದ್ತಾಳೆ" ಎಂದು ಹೇಳಿಕೊಳ್ಳುವಾಗ ಹೇಗೆ ಹೇಳುವುದು?

ಬೊಚ್ಚಿ ಅವಳನ್ನೇ ದಿಟ್ಟಿಸಿದಳು.

"ಹಾಗಾದ್ರೆ ಬೂಟು ಅಳಲೇ ಇಲ್ವಾ?"

"ಪುಸ್ತಕದಲ್ಲಿ ಇಲ್ಲ."

"ಮತ್ತೆ ಅದು ಅಳುತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

ಬೊಚ್ಚಿ ಪುಸ್ತಕ ಕಿತ್ತುಕೊಂಡು, "ಸುಳ್ಳಿ!" ಎಂದು ಮೆಟ್ಟಿಲು ಇಳಿದು ಓಡಿಹೋದಳು. ಬೆಲ್ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಸುತ್ತಲೂ ಜೋಡಿ ಜೋಡಿಯಾಗಿ ಓದುವ ಸದ್ದು. ಗುಸುಕಿ ಖಾಲಿ ಮಡಿಲ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು.

ಮಾರನೆಯ ದಿನ ಬೊಚ್ಚಿಯನ್ನು ಸ್ಟೂಲಿನ ಮೇಲೆ ಹತ್ತಿಸಿ ಮೈಕನ್ನು ತಗ್ಗಿಸಿದರು. ಹಿಂದೆ ನಿಂತ ದೊಡ್ಡವರ ನಡುವೆ ಅವಳ ಅಪ್ಪನೂ ಇದ್ದರು. ಬೊಚ್ಚಿ ಪುಸ್ತಕ ತೆರೆದು ಮೊದಲ ಪದದ ಕೆಳಗೆ ಬೆರಳಿಟ್ಟಳು.

"ದಿಸ್... ಈಸ್... ಎ... ರೆಡ್... ಬೂಟ್."

ಒಂದೊಂದು ಪದಕ್ಕೂ ಒಂದೊಂದು ಉಸಿರು. ರಾತ್ರಿ ಅಪ್ಪನ ಪಕ್ಕ ಕೂತು ಕಲಿತಿದ್ದಳೆಂದು ಕಾಣುತ್ತದೆ. ಗುಸುಕಿ ಐದನೇ ಕ್ಲಾಸಿನ ಸಾಲಿನಲ್ಲಿ ಉಗುರು ಕಚ್ಚುತ್ತಾ ನಿಂತಿದ್ದಳು.

"ದ... ಬೂಟ್... ಈಸ್... ಇನ್... ಎ..."

ಬೆರಳು ನಿಂತುಬಿಟ್ಟಿತು. ಬೊಚ್ಚಿ ಮೂಗು ಸುಕ್ಕಿಸಿದಳು. ಎಲ್ಲ ಮಕ್ಕಳೂ ಕಷ್ಟ ಬಂದಾಗ ಮಾಡುವಂತೆ ತನ್ನವರು ಯಾರಿದ್ದಾರೆಂದು ಹುಡುಕಿದಳು. ನಿನ್ನೆಯ ಸಿಟ್ಟು ಮರೆತೇಹೋಗಿತ್ತು.

"ಅಕ್ಕಾ, ಇದೇನು?"

ಮೈಕಿನಲ್ಲಿ ಆ ಮಾತು ಮೈದಾನವಿಡೀ ಕೇಳಿಸಿತು. ಎಲ್ಲರೂ ಗುಸುಕಿಯತ್ತ ತಿರುಗಿದರು. ಬಗ್ಗಿ ಶೂ ಲೇಸ್ ಕಟ್ಟುವ ನಾಟಕ ಮಾಡಬಹುದಿತ್ತು. ಆ ವಿದ್ಯೆ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಸ್ಟೂಲಿನ ಮೇಲೆ ಬೊಚ್ಚಿ ಒಬ್ಬಳೇ ನಿಂತಿದ್ದಳು.

ಗುಸುಕಿ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ನಂಗೂ ಗೊತ್ತಿಲ್ಲ ಬೊಚ್ಚಿ!"

ಯಾರೋ ಕಿಸಕ್ಕೆಂದು ನಕ್ಕರು. ಬೊಚ್ಚಿ ಮಾತ್ರ ತಲೆಯಾಡಿಸಿ ಮೈಕಿಗೆ ಹೇಳಿದಳು, "ಮಿಸ್, ನಂಗೂ ಗೊತ್ತಿಲ್ಲ, ನಮ್ಮಕ್ಕಂಗೂ ಗೊತ್ತಿಲ್ಲ. ಹೇಳಿಕೊಡಿ."

"ಪಡಲ್," ಎಂದರು ಮಿಸ್. "ನೀರು ನಿಂತ ಗುಂಡಿ."

"ಪಡಲ್!" ಎಂದಳು ಬೊಚ್ಚಿ. ಸಾಲಿನಲ್ಲಿ ನಿಂತ ಗುಸುಕಿಯ ತುಟಿಯೂ ಆಡಿತು. ಈ ಸಲ ಸದ್ದೂ ಬಂದಿತು.

ಪ್ರೇಯರ್ ಮುಗಿದ ಮೇಲೆ ಮಿಸ್ ಅವಳನ್ನು ನಿಲ್ಲಿಸಿಕೊಂಡರು.

"ಓದೋಕೆ ಬರಲ್ಲ ಅಂತ ನಂಗ್ಯಾಕೆ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲ ಮಿಸ್."

"ಹೌದು, ನಾನು ಕೇಳಲಿಲ್ಲ," ಎಂದರು ಮಿಸ್. "ಸೋಮವಾರದಿಂದ ಊಟದ ಬಿಡುವಿನಲ್ಲಿ ನನ್ನ ಹತ್ರ ಬಾ. ಡಬ್ಬಿ ಅಲ್ಲಿಗೇ ತಗೊಂಡು ಬಾ."

ಮಂಗಳವಾರ ಗುಸುಕಿ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ಕೂತಳು. ಒಂದೊಂದೇ ಜೋಡಿ ಬಂದು ಕೂತಿತು. ಬೊಚ್ಚಿ ಬರುವುದಿಲ್ಲವೆಂದು ಅವಳು ಎದ್ದೇಬಿಟ್ಟಿದ್ದಳು. ಅಷ್ಟರಲ್ಲಿ ಬಿಚ್ಚಿದ ಶೂ ಲೇಸ್ ಎಳೆದುಕೊಂಡು ಬೊಚ್ಚಿ ಬಂದಳು. ಪುಸ್ತಕವನ್ನು ಇಬ್ಬರ ಮೊಣಕಾಲುಗಳ ಮೇಲೆ ಅರ್ಧರ್ಧ ಇಟ್ಟಳು.

"ಮೊದಲು ಇದನ್ನ ಓದೋಣ. ನಿಧಾನಕ್ಕೆ. ಆಮೇಲೆ ಬೂಟು ಅಳೋ ಕತೆ ಹೇಳ್ಬೇಕು."

"ಅದು ಇದರಲ್ಲಿ ಇಲ್ವಲ್ಲೇ."

"ಇಲ್ಲದಿದ್ರೆ ಏನು? ನಿನ್ನ ಹತ್ರ ಇದೆಯಲ್ಲ."

ಎರಡು ಬೆರಳು ಒಂದೇ ಸಾಲಿನ ಕೆಳಗೆ ತೆವಳಿದವು. ಮೂರು ಪುಟ ಮುಗಿಯುವಷ್ಟರಲ್ಲಿ ಇಬ್ಬರಿಗೂ ಸುಸ್ತಾಯಿತು. ಗುಸುಕಿ ಪುಸ್ತಕ ಮುಚ್ಚಿದಳು.

"ಒಂದು ಕೆಂಪು ಬೂಟು ಇತ್ತು," ಎಂದು ಶುರು ಮಾಡಿದಳು.

ಬೊಚ್ಚಿ ಹತ್ತಿರ ಸರಿದು ಅವಳ ತೋಳಿಗೆ ಒರಗಿದಳು. "ಅಳ್ತಾ ಇತ್ತಾ?"

ಗುಸುಕಿ ಸ್ವಲ್ಪ ಯೋಚಿಸಿದಳು.

"ಬಾತುಕೋಳಿ ಬರೋವರೆಗೆ," ಎಂದಳು.