ಕೈಕಟ್ಟಿ ಕೂತ ಐದು ದಿನ

ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಅಪಾಯದ ಮೇಡಂ ಎಂದೇ ಕರೆಯುತ್ತಿದ್ದರು. ಏನೇನು ಕೆಡಬಹುದು, ಕೆಡುವ ಸಾಧ್ಯತೆ ಎಷ್ಟು, ಕೆಟ್ಟರೆ ಹಾನಿ ಎಷ್ಟು ಎಂದು ಐದಕ್ಕೆ ಅಂಕ ಹಾಕಿ ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ಅವಳು ಬಾಗಿಲಲ್ಲಿ ಕಂಡರೆ ನರ್ಸ್‌ಗಳಿಗೆ ಶಕುನ ಸರಿಯಿಲ್ಲ ಅನ್ನಿಸುತ್ತಿತ್ತು. ಹದಿನಾಲ್ಕು ವರ್ಷ ಇದನ್ನೇ ಮಾಡಿ ಅವಳಿಗೂ ಸಾಕಾಗಿಹೋಗಿತ್ತು.

ಆ ಸೋಮವಾರ ಒಂದು ಅಪಾಯ ತಾನಾಗಿಯೇ ನಡೆದು ಬಂದು ಅವಳೆದುರಿನ ಕುರ್ಚಿಯಲ್ಲಿ ಕೂತಿತು. ಆಕ್ಸಿಜನ್ ಪ್ಲಾಂಟಿನ ಮೆಕ್ಯಾನಿಕ್. ಆ ಮುದಿ ಯಂತ್ರದ ನಾಡಿ ಗೊತ್ತಿದ್ದದ್ದು ಅವನೊಬ್ಬನಿಗೇ. ಎರಡೂವರೆ ವರ್ಷದ ಹಿಂದೆ ಅವಳೇ ಬರೆದಿದ್ದಳು: ಇವರಿಲ್ಲದಿದ್ದರೆ ಪ್ಲಾಂಟ್ ನಿಲ್ಲಬಹುದು, ಸಾಧ್ಯತೆ ಐದು, ಹಾನಿ ಐದು. ಇನ್ನಿಬ್ಬರಿಗೆ ಕಲಿಸಿ ಎಂದು ಪ್ರತಿ ತಿಂಗಳು ಪ್ಲಾಂಟಿಗೆ ಹೋಗಿ ದುಂಬಾಲು ಬೀಳುತ್ತಿದ್ದಳು. ಅವನು ಟೀ ಕುಡಿಸಿ, ನಕ್ಕು, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದ.

ಅಷ್ಟರಲ್ಲಿ ದೂರದ ಊರಿನಲ್ಲಿದ್ದ ಅವನ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ನೋಡಿಕೊಳ್ಳಲು ಪಕ್ಕದ ಮನೆಯವರು ಬಿಟ್ಟರೆ ಬೇರೆ ಯಾರೂ ಇಲ್ಲ. ಅಲ್ಲಿಯ ಆಸ್ಪತ್ರೆಗೆ ವರ್ಗ ಕೇಳಿದರೆ ಮೇಲಿನವರು ಅವಳ ರಿಜಿಸ್ಟರನ್ನೇ ತೋರಿಸಿ ಆಗದು ಎಂದರು. ಅವಳು ಬರೆದ ನಿಜವೇ ಅವನ ಕಾಲಿಗೆ ಹಗ್ಗವಾಯಿತು. ಅವನು ಹಲ್ಲುಕಚ್ಚಿ ಐದು ತಿಂಗಳಲ್ಲಿ ಇಬ್ಬರಿಗೆ ಕಲಿಸಿದ. ಈಗ ಪರೀಕ್ಷೆ. ಐದು ದಿನ ಆ ಇಬ್ಬರೇ ಪ್ಲಾಂಟ್ ನಡೆಸಬೇಕು. ಅವನು ಅತ್ತ ಸುಳಿಯಬಾರದು, ಫೋನ್ ಎತ್ತಬಾರದು. ಏನಾದರೂ ಆದರೆ ಇರಲಿ ಎಂದು ತುಂಬಿದ ಸಿಲಿಂಡರ್‌ಗಳು ಸಾಲಾಗಿ ನಿಂತಿದ್ದವು. ಅವನನ್ನು ಕಾಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಎರಡು ದಿನ ಅವನು ಅವಳ ಕೋಣೆಯ ಕಿರುಗುಟ್ಟುವ ಫ್ಯಾನು, ಸಿಕ್ಕಿಕೊಳ್ಳುವ ಡ್ರಾಯರು ಎಲ್ಲ ಸರಿಮಾಡಿದ. ಮೂರನೆಯ ದಿನ ಮಾಡಲು ಏನೂ ಉಳಿಯದೆ ಅವಳನ್ನೇ ನೋಡುತ್ತ ಕೂತ. ಅವಳು ತಲೆ ಎತ್ತಿದರೆ ಅವನ ನೋಟ ಕಿಟಕಿಯತ್ತ, ತಗ್ಗಿಸಿದರೆ ಮತ್ತೆ ಅವಳ ಕನ್ನಡಕದತ್ತ. ಒಂದೇ ಸಾಲನ್ನು ಅವಳು ನಾಲ್ಕು ಸಲ ಓದಿದಳು.

"ನನ್ನ ಮುಖದಲ್ಲೂ ಏನಾದ್ರೂ ಕೆಟ್ಟಿದ್ಯಾ?"

"ಸುಸ್ತಾಗಿದೆ ಅಷ್ಟೇ," ಎಂದ. "ರಿಪೇರಿ ಆಗುತ್ತೆ."

ಗುರುವಾರ ಮಧ್ಯಾಹ್ನ ಪ್ಲಾಂಟಿನ ಅಲಾರಂ ಕೂಗಿತು. ಅವನು ಎದ್ದೇಬಿಟ್ಟ. ಅವಳು ಮೇಜಿನಾಚೆಗೆ ಬಾಗಿ ಅವನ ಕೈ ಹಿಡಿದಳು.

"ಕೂತ್ಕೊಳ್ಳಿ. ಈಗ ಹೋದ್ರೆ ಎಲ್ಲ ಮೊದಲಿಂದ."

ಅವನು ಕೂತ. ಅವಳು ಕೈ ಬಿಡಲಿಲ್ಲ. ಆ ಇಬ್ಬರೂ ಸೋಲಲಿ, ಇವನು ಇಲ್ಲೇ ಉಳಿಯಲಿ ಎಂದು ಒಂದು ಕ್ಷಣ ಅವಳ ಮನಸ್ಸು ಬೇಡಿತು. ಮೇಲಿನ ಮಹಡಿಯ ಮಕ್ಕಳ ವಾರ್ಡು ನೆನಪಾಗಿ ನಾಚಿಕೆಯಾಯಿತು. ನಾಲ್ಕು ನಿಮಿಷಕ್ಕೆ ಅಲಾರಂ ನಿಂತಿತು. ಅವರು ಗೆದ್ದಿದ್ದರು. ಕೈಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮೇಜಿನ ಮೇಲೇ ಇದ್ದವು.

ಶುಕ್ರವಾರ ಸಂಜೆ ಅವಳು ಸಾಧ್ಯತೆಯ ಐದನ್ನು ಹೊಡೆದುಹಾಕಿ ಒಂದು ಎಂದು ಬರೆದು ಸಹಿ ಮಾಡಿದಳು. ಇನ್ನು ಅವನನ್ನು ತಡೆಯುವ ಕಾಗದ ಯಾವುದೂ ಇರಲಿಲ್ಲ.

"ಇದು ಐದು ತಿಂಗಳ ಕೆಲಸ," ಎಂದ ಅವನು, ರಿಜಿಸ್ಟರನ್ನು ತನ್ನತ್ತ ತಿರುಗಿಸಿ. "ಎರಡು ವರ್ಷ ಎಳೆದೆ. ಕಲಿಸಿಬಿಟ್ರೆ ನೀವು ಪ್ಲಾಂಟಿಗೆ ಬರೋದು ನಿಲ್ಲುತ್ತಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಕಣ್ಣು ತುಂಬಿತು. ಊರ ಅಪಾಯವೆಲ್ಲ ಹುಡುಕುವವಳಿಗೆ ಇದೊಂದು ಕಾಣಲಿಲ್ಲ. ದೀಪದ ಕೆಳಗೇ ಕತ್ತಲೆ.

"ನೀವು ಹೋದ್ರೆ ಪ್ಲಾಂಟ್ ನಿಲ್ಲಲ್ಲ," ಎಂದಳು. "ನನಗೆ ಕಷ್ಟ ಆಗುತ್ತೆ. ತುಂಬಾ."

ಅವನು ರಿಜಿಸ್ಟರನ್ನು ಮುಚ್ಚಿ ಅವಳತ್ತ ಸರಿಸಿದ.

"ಅಕ್ಕನಿಗೆ ಎಲ್ಲ ಹೇಳಿದೀನಿ. ನನ್ನ ತಮ್ಮನ್ನ ಕಟ್ಟಿಹಾಕಿದವಳನ್ನ ಒಂದ್ಸಲ ನೋಡ್ಬೇಕು ಅಂತಾಳೆ. ಭಾನುವಾರ ಬರ್ತೀರಾ?"

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಏನೇನು ಕೆಡಬಹುದು ಎಂದು ಯೋಚಿಸದೆ, ಅವಳು ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.